ಒಂದೇ ಮಾತ್ರೆ, ಬೇರೆ ಬೇರೆ ಚೀಟಿ

ನಮ್ಮ ಚಿಕ್ಕಮ್ಮನಿಗೆ ಔಷಧಿ ಡಬ್ಬಿಯೊಳಗಿನ ಕಾಗದವನ್ನು ಪೂರ್ತಿ ಓದುವ ಚಟ. ಕೆಮ್ಮಿನ ಸಿರಪ್ ಆದರೂ ಸರಿ, ಮಡಿಕೆ ಬಿಡಿಸಿ, ಊಟದ ಮೇಜಿನ ಮೇಲೆ ಅಂಗೈಯಿಂದ ಒತ್ತಿ ನೇರ ಮಾಡಿ, ಕನ್ನಡಕದ ಮೇಲೆ ಮತ್ತೊಂದು ಭೂತಗನ್ನಡಿ ಹಿಡಿದು ಕೂರುತ್ತಾಳೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಅವಳನ್ನು ತಪ್ಪಿಸಿಕೊಂಡು ಹೋಗುವ ಅಕ್ಷರ ಇಲ್ಲ. ಒಂದು ಸಂಜೆ ಫೋನ್ ಮಾಡಿದವಳೇ ಕ್ಷೇಮ ಸಮಾಚಾರ ಯಾವುದೂ ಇಲ್ಲದೆ ಶುರು ಮಾಡಿದಳು: "ಏನೇ ಇದು, ನಲವತ್ತೇಳನೇ ವಯಸ್ಸಲ್ಲಿ ನಂಗೆ ಬಸಿರು ಇಳಿಸೋ ಮಾತ್ರೆ ಬರೆದುಕೊಟ್ಟಿದ್ದಾರಲ್ಲ ನಿನ್ನ ಡಾಕ್ಟ್ರಮ್ಮ! ಇದನ್ನ ನಿನ್ನ ಚಿಕ್ಕಪ್ಪ ಅಂಗಡಿಯಿಂದ ತಂದಿದ್ದಾರೆ. ಅಂಗಡಿಯವನು ಏನಂದುಕೊಂಡಿರಬೇಡ?"

ಚಿಕ್ಕಮ್ಮನದು ನಾಪೋಕ್ಲು ಕಡೆ ಸಣ್ಣ ಕಾಫಿ ತೋಟ. ಆ ವರ್ಷ ಕೊಯ್ಲಿನ ಹೊತ್ತಿಗೆ ಅವಳ ತಿಂಗಳ ಮುಟ್ಟು ಅನ್ನುವುದು ತಿಂಗಳಿಡೀ ಮುಟ್ಟು ಆಗಿತ್ತು. ಶನಿವಾರ ಮಧ್ಯಾಹ್ನ ಸ್ಕೂಲಿನಿಂದ ಬಂದವಳೇ ಕಣದಲ್ಲಿ ನಿಂತು ಚೀಲ ತೂಗಿಸಿ ಬರೆದುಕೊಳ್ಳಬೇಕು. ಎರಡು ಪ್ಯಾಡ್ ಒಟ್ಟಿಗೆ, ಅದರ ಮೇಲೆ ಹಳೆಯ ಹತ್ತಿ ಸೀರೆಯ ತುಂಡು, ಮೇಲಿಂದ ಕಡು ಬಣ್ಣದ ಸೀರೆಯೇ ಆಗಬೇಕು. ತಕ್ಕಡಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದಳು, ಆದರೆ ಕೂತರೆ ಏಳುವಾಗ ಏನಾಗುತ್ತದೋ ಎಂದು ಕೂರುತ್ತಿರಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ. ಫೈಬ್ರಾಯ್ಡ್ ಎನ್ನುತ್ತಾರೆ, ಕ್ಯಾನ್ಸರ್ ಅಲ್ಲದ, ಸ್ನಾಯುವಿನ ಗಡ್ಡೆ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು.

ನಮ್ಮ ಕಡೆ ಗಡ್ಡೆ ಎಂದ ಕೂಡಲೇ ಮುಂದಿನ ಮಾತು "ಗರ್ಭಕೋಶ ತೆಗೆಸಿಬಿಡಿ". ಮಕ್ಕಳಾಗಿವೆ, ಇನ್ನೇನು ಕೆಲಸ ಅದಕ್ಕೆ ಎಂಬ ಧಾಟಿ. ಈ ಡಾಕ್ಟ್ರಮ್ಮ ಹಾಗೆ ಮಾಡಲಿಲ್ಲ. ಏಳು ಹಿಮೋಗ್ಲೋಬಿನ್ ಇಟ್ಟುಕೊಂಡು ಆಪರೇಷನ್ ಟೇಬಲ್ಲಿಗೆ ಹತ್ತಿಸುವುದಿಲ್ಲ, ಮೊದಲು ರಕ್ತ ನಿಲ್ಲಲಿ ಎಂದರು. ಕಬ್ಬಿಣಾಂಶದ ಡ್ರಿಪ್ ಹಾಕಿಸಿದರು. ಜೊತೆಗೆ ದಿನಕ್ಕೊಂದರಂತೆ ಮೂರು ತಿಂಗಳಿಗೆ ಮಿಫೆಪ್ರಿಸ್ಟೋನ್ 25 ಮಿಲಿಗ್ರಾಂ, ಚಿಕ್ಕಮ್ಮ ಫೋನಿನಲ್ಲಿ ದೂರಿದ ಮಾತ್ರೆ ಇದೇ. ಬರೆಯುವ ಮೊದಲು ಲಿವರಿನ ರಕ್ತಪರೀಕ್ಷೆ. ಮತ್ತೊಂದು ಪ್ರಶ್ನೆಯನ್ನೂ ಕೇಳಿದ್ದರು, ನನಗೆ ಆಗ ವಿಚಿತ್ರ ಅನ್ನಿಸಿತ್ತು: "ಉಬ್ಬಸಕ್ಕೆ ಸ್ಟಿರಾಯ್ಡ್ ಮಾತ್ರೆ ದಿನಾ ನುಂಗ್ತೀರಾ?" ಮುಟ್ಟಿಗೂ ಉಬ್ಬಸಕ್ಕೂ ಏನು ಸಂಬಂಧ ಎಂದು ನಾನು ಚಿಕ್ಕಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆ ಪ್ರಶ್ನೆಯ ಬಾಲ ಹಿಡಿದು ಓದುತ್ತಾ ಹೋದದ್ದರಿಂದಲೇ ಈ ಬರಹ.

ಹೂಮಳೆ ಆದ ಮೇಲಿನ ಮಳೆ

ಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ ಕೆಲಸವನ್ನು ತೋಟ ಇರುವವರಿಗೆ ಹೇಳುವುದು ಸುಲಭ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ, ಫೋಟೋ ತೆಗೆಯುವವರ ಪಾಲಿಗೆ ಅಲ್ಲಿಗೆ ಕತೆ ಮುಗಿಯಿತು. ಬೆಳೆಗಾರನ ಎದೆ ಡವಗುಟ್ಟುವುದು ಆಮೇಲೆ, ಎರಡು ಮೂರು ವಾರದೊಳಗೆ ಬರಬೇಕಾದ ಬ್ಯಾಕಿಂಗ್ ಮಳೆಗಾಗಿ. ಅದು ಬರದಿದ್ದರೆ ಕಟ್ಟಿದ ಮಿಡಿ ನಿಲ್ಲುವುದಿಲ್ಲ. ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರೋನ್ ಬಂದು ಆ ಪದರವನ್ನು ಹದ ಮಾಡುತ್ತದೆ, ಗರ್ಭಕೋಶದ ಸ್ನಾಯು ಹಿಂಡದಂತೆ ತಣ್ಣಗಿಡುತ್ತದೆ, ಗರ್ಭದ ಬಾಯಿಯನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಬಸಿರು ನಿಲ್ಲುವುದು ಇದರ ದಯೆಯಿಂದ.

ಮಿಫೆಪ್ರಿಸ್ಟೋನ್ ಈ ಹಾರ್ಮೋನನ್ನು ನಾಶ ಮಾಡುವುದಿಲ್ಲ, ಅದು ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಮೊದಲೇ ಕೂತುಬಿಡುತ್ತದೆ. ರಕ್ತದಲ್ಲಿ ಪ್ರೊಜೆಸ್ಟರೋನ್ ಇದ್ದರೂ ಅದರ ಮಾತು ಗರ್ಭಕೋಶಕ್ಕೆ ತಲುಪುವುದಿಲ್ಲ. ಬಸಿರು ಇದ್ದರೆ ಪದರ ಸಡಿಲಾಗುತ್ತದೆ, ಗರ್ಭದ ಬಾಯಿ ಮೆತ್ತಗಾಗುತ್ತದೆ, ಹಿಂಡುವ ಔಷಧಿಗೆ ಗರ್ಭಕೋಶ ಬೇಗ ಓಗೊಡುತ್ತದೆ. ಬಸಿರು ಇಲ್ಲದೆ ಗಡ್ಡೆ ಇದ್ದರೆ? ಫೈಬ್ರಾಯ್ಡಿಗೆ ಈಸ್ಟ್ರೋಜನ್ ಒಂದೇ ಗೊಬ್ಬರ ಎಂದು ಬಹಳ ಕಾಲ ನಂಬಿದ್ದರು. ಪ್ರೊಜೆಸ್ಟರೋನ್ ಕೂಡ ಅದನ್ನು ಬೆಳೆಸುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಸಣ್ಣ ಪ್ರಮಾಣದಲ್ಲಿ ದಿನವೂ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆ, ಎಷ್ಟೋ ಜನರಿಗೆ ಮುಟ್ಟೇ ನಿಲ್ಲುತ್ತದೆ, ಗಡ್ಡೆಯೂ ಸ್ವಲ್ಪ ಕುಗ್ಗುತ್ತದೆ. ನಿಲ್ಲಿಸಿದ ಮೇಲೆ ಗಡ್ಡೆ ಮತ್ತೆ ಬೆಳೆಯಬಹುದು. ಒಳಪದರದಲ್ಲಿ ಬದಲಾವಣೆ ಆಗುವುದರಿಂದ ಸ್ಕ್ಯಾನಿಂಗ್ ಮಾಡಿಸುತ್ತಾ ಇರಬೇಕು. ಮೂರು ತಿಂಗಳು ಎಂದು ಡಾಕ್ಟ್ರಮ್ಮ ಗೆರೆ ಎಳೆದದ್ದು ಇದಕ್ಕೇ.

ಲಿವರ್ ಪರೀಕ್ಷೆಗೂ ಒಂದು ಹಿನ್ನೆಲೆ ಇದೆ. ಇದೇ ಜಾತಿಯ ಇನ್ನೊಂದು ಔಷಧಿ ಯುಲಿಪ್ರಿಸ್ಟಲ್. ಯುರೋಪಿನಲ್ಲಿ ಫೈಬ್ರಾಯ್ಡಿಗೆ ದಿನಕ್ಕೆ 5 ಮಿಲಿಗ್ರಾಂನಂತೆ ಕೊಡುತ್ತಿದ್ದರು. ಕೆಲವರಿಗೆ ಲಿವರ್ ಕೆಟ್ಟು, ಬದಲಿ ಲಿವರ್ ಹಾಕಿಸುವ ಮಟ್ಟಕ್ಕೆ ಹೋಯಿತು. 2020ರಲ್ಲಿ ತಡೆಹಿಡಿದರು, 2021ರಲ್ಲಿ ಆಪರೇಷನ್ ಆಗದವರಿಗೆ ಮಾತ್ರ ಎಂದು ಬಿಗಿ ಮಾಡಿದರು. ಅದೇ ಯುಲಿಪ್ರಿಸ್ಟಲ್ 30 ಮಿಲಿಗ್ರಾಂ ಒಂದೇ ಸಲ ತೆಗೆದುಕೊಂಡರೆ ತುರ್ತು ಗರ್ಭನಿರೋಧಕ, ಐದು ದಿನದವರೆಗೂ ಕೆಲಸ ಮಾಡುತ್ತದೆ. ಮಿಫೆಪ್ರಿಸ್ಟೋನ್ ಬೇರೆಯದೇ ಔಷಧಿ, ಆದರೂ ನಮ್ಮ ಡಾಕ್ಟ್ರಮ್ಮ ಲಿವರ್ ನೋಡಿಯೇ ಬರೆದರು. ನನಗೆ ಅದು ಹಿಡಿಸಿತು.

ಉಬ್ಬಸದ ಪ್ರಶ್ನೆ? ಈ ಮಾತ್ರೆ ಕಾರ್ಟಿಸೋಲ್ ಎಂಬ ಹಾರ್ಮೋನಿನ ಜಾಗದಲ್ಲೂ ಹೋಗಿ ಕೂರುತ್ತದೆ. ಕಾಯಿಲೆಗಾಗಿ ಬಹಳ ದಿನದಿಂದ ಸ್ಟಿರಾಯ್ಡ್ ನುಂಗುತ್ತಿರುವವರಿಗೆ ಅದರ ಕೆಲಸ ತಪ್ಪಿಹೋಗಬಹುದು, ಅಪಾಯ. ನಿಜ ಹೇಳಬೇಕೆಂದರೆ ಫ್ರಾನ್ಸಿನ ರೂಸೆಲ್ ಯುಕ್ಲಾಫ್ ಕಂಪನಿಯವರು 1980ರ ಸುಮಾರಿಗೆ ಇದನ್ನು ಕಂಡುಕೊಂಡದ್ದೇ ಕಾರ್ಟಿಸೋಲ್ ತಡೆಯುವ ವಸ್ತುಗಳನ್ನು ಹುಡುಕುವಾಗ. ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಕಾಯಿಲೆಯಲ್ಲಿ ಸಕ್ಕರೆ ಏರಿದವರಿಗೆ ಇದನ್ನೇ ಕೊಡಬಹುದೆಂದು ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆಯಾಯಿತು. ಚಿಕ್ಕಮ್ಮನದು ಮಳೆಗಾಲಕ್ಕೆ ಮಾತ್ರ ಬರುವ ಸಣ್ಣ ಉಬ್ಬಸ, ಮಾತ್ರೆಯ ಹಂಗಿಲ್ಲ. ಇಷ್ಟನ್ನೂ ಅವಳಿಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಆಯ್ತು, ನುಂಗ್ತೀನಿ. ಡಬ್ಬಿ ಮಾತ್ರ ಒಲೆಗೆ ಹಾಕಿದೆ" ಅಂದಳು.

ಅಂಗಡಿಯ ಮುಂದೆ

ಡಬ್ಬಿ ಒಲೆಗೆ ಹೋದದ್ದನ್ನು ಆಗ ನಕ್ಕು ಬಿಟ್ಟಿದ್ದೆ. ಅದೇ ವರ್ಷ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನ ಮಗಳ ಜೊತೆ ಔಷಧಿ ಅಂಗಡಿಗಳ ಮುಂದೆ ನಿಂತಾಗ ನಗು ಬರಲಿಲ್ಲ. ಮದುವೆಯಾಗಿ ಬಹಳ ಕಾಲಕ್ಕೆ ನಿಂತ ಬಸಿರು ಅವಳದು. ಇಗ್ಗುತ್ತಪ್ಪನಿಗೆ ಹರಕೆ ಹೊತ್ತು, ಸುದ್ದಿ ತಿಳಿದ ದಿನದಿಂದ ಸ್ಕೂಟಿ ಮುಟ್ಟದೆ ಇದ್ದವಳು. ಎರಡನೇ ಸ್ಕ್ಯಾನಿಂಗಿನಲ್ಲಿ ಡಾಕ್ಟರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರಂತೆ. ಹೃದಯ ಬಡಿತ ಇಲ್ಲ. ಬೆಳವಣಿಗೆ ನಿಂತು ದಿನಗಳೇ ಆಗಿವೆ, ದೇಹಕ್ಕೆ ಮಾತ್ರ ಇನ್ನೂ ಗೊತ್ತಾಗಿಲ್ಲ. ವಾಂತಿ ಕೂಡ ಬರುತ್ತಲೇ ಇತ್ತು.

ಡಾಕ್ಟರು ಮೂರು ದಾರಿ ಹೇಳಿದರು. ತಾನಾಗಿ ಹೋಗಲಿ ಎಂದು ಕಾಯುವುದು, ಮಾತ್ರೆ, ಇಲ್ಲವೇ ಕ್ಲೀನ್ ಮಾಡಿಸುವುದು. ಕಾಯುವುದು ಅವಳಿಂದ ಆಗುತ್ತಿರಲಿಲ್ಲ. ಒಳಗೆ ಯಂತ್ರ ಹಾಕುವುದು ಬೇಡ ಎಂದಳು. ಮಾತ್ರೆ ಎಂದರೆ ಮೊದಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಈ ಎರಡನೆಯದು ಗರ್ಭಕೋಶವನ್ನು ಹಿಂಡಿಸುವ ಔಷಧಿ. ಹುಟ್ಟಿದ್ದು ಹೊಟ್ಟೆಯ ಹುಣ್ಣಿಗೆಂದು. ಹಿಂದೆ ಇಂಥ ಸಂದರ್ಭಕ್ಕೆ ಮಿಸೊಪ್ರೊಸ್ಟಾಲ್ ಒಂದನ್ನೇ ಕೊಡುತ್ತಿದ್ದರು. 2018ರಲ್ಲಿ ಅಮೆರಿಕದ ಒಂದು ಅಧ್ಯಯನ ಎರಡನ್ನೂ ಹೋಲಿಸಿ ನೋಡಿತು: ಒಂದನ್ನೇ ಕೊಟ್ಟಾಗ ಮೊದಲ ತಪಾಸಣೆಯ ಹೊತ್ತಿಗೆ ನೂರರಲ್ಲಿ 67 ಜನರಿಗೆ ಪೂರ್ತಿ ಆಗಿತ್ತು, ಮೊದಲು ಮಿಫೆಪ್ರಿಸ್ಟೋನ್ ಕೊಟ್ಟಾಗ 84 ಜನರಿಗೆ. ಎರಡು ವರ್ಷದ ನಂತರ ಬ್ರಿಟನ್ನಿನ ದೊಡ್ಡ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ಮಾಡಿತು, ಅಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಿರಲಿಲ್ಲ. ಉಳಿದ ಹದಿನಾರು ಹದಿನೇಳು ಜನರಲ್ಲಿ ಒಬ್ಬಳಾಗಿ ಮತ್ತೆ ಆಸ್ಪತ್ರೆಗೆ ಹತ್ತುವುದು ಏನೆಂದು ಅನುಭವಿಸಿದವರಿಗೇ ಗೊತ್ತು, ಹಾಗಾಗಿ ನನಗೆ ಇದು ಸಣ್ಣ ಲೆಕ್ಕ ಅನ್ನಿಸುವುದಿಲ್ಲ.

ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಅವತ್ತು ಮುಗಿದಿತ್ತು. ಚೀಟಿ ಹಿಡಿದು ಪೇಟೆಗೆ ಬಂದೆವು. ಜುಲೈ ಮಳೆ, ಕೊಡೆ ಹಿಡಿದರೂ ಮೊಣಕಾಲಿನ ಕೆಳಗೆ ಒದ್ದೆ. ಮೊದಲ ಅಂಗಡಿಯಲ್ಲಿ ಕೌಂಟರಿನ ಹುಡುಗ ಚೀಟಿ ಓದಿ, ಒಳಗೆ ಹೋಗಿ, ಮಾಲೀಕನ ಜೊತೆ ಬಂದ. ಮಾಲೀಕ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. "ಇದೆಲ್ಲ ನಾವು ಇಡಲ್ಲ ಮೇಡಂ." ಎಲ್ಲಿ ಸಿಗುತ್ತದೆ ಎಂದರೆ ಗೊತ್ತಿಲ್ಲ. ಇನ್ನೊಂದು ಅಂಗಡಿಯವರು ಓದುವ ಮೊದಲೇ ತಲೆ ಆಡಿಸಿದರು. ಮತ್ತೊಬ್ಬರಂತೂ ನನ್ನನ್ನು ಬಿಟ್ಟು ಅವಳ ಕಡೆ ನೋಡಿ, "ಮನೆಯವರು ಬಂದಿಲ್ವಾ?" ಎಂದು ಕೇಳಿದರು. ಪಕ್ಕದಲ್ಲಿ ಶುಗರ್ ಮಾತ್ರೆಗೆ ನಿಂತಿದ್ದ ಅಜ್ಜ ಒಬ್ಬರು ಆಗ ನಮ್ಮ ಕಡೆ ತಿರುಗಿದರು. ತಂಗಿ ಅಂಗಡಿಯ ಟಾರ್ಪಾಲಿನ ಅಂಚಿಗೆ ಸರಿದು, ನೀರು ಸುರಿಯುವ ಕಡೆ ಮುಖ ಮಾಡಿ ನಿಂತಳು. ಚೀಟಿಯ ಮೇಲೆ ಡಾಕ್ಟರು ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಬರೆದಿದ್ದರು, ಗರ್ಭ ಒಳಗೇ ಸತ್ತಿದೆ ಎಂದು. ಅಲ್ಲಿಯವರೆಗೆ ಯಾರ ಕಣ್ಣೂ ಹೋಗಿರಲಿಲ್ಲ.

"ಅಕ್ಕಾ, ನಾನೇನೋ ಕಳ್ಳತನ ಮಾಡಕ್ಕೆ ಬಂದವಳ ಥರ ನೋಡ್ತಾರಲ್ಲ" ಎಂದಳು ಕಾರಿನಲ್ಲಿ ಕೂತ ಮೇಲೆ. ಕೊನೆಗೆ ಡಾಕ್ಟರಿಗೇ ಫೋನ್ ಮಾಡಿದೆವು. ಮೈಸೂರಿನಿಂದ ಬರುವ ಔಷಧಿ ಪಾರ್ಸೆಲ್ಲಿನ ಜೊತೆ ಅವರೇ ತರಿಸಿಕೊಟ್ಟರು, ಆಸ್ಪತ್ರೆಯ ಕೋಣೆಯಲ್ಲೇ ಮೊದಲ ಮಾತ್ರೆ ನುಂಗಿಸಿದರು.

ಅಂಗಡಿಯವರನ್ನು ಬೈದುಬಿಡುವುದು ಸುಲಭ. ಆಮೇಲೆ ಪರಿಚಯದ ಒಬ್ಬ ಔಷಧಿ ವ್ಯಾಪಾರಿಯ ಹತ್ತಿರ ಕೂತು ಮಾತಾಡಿದೆ. ಅವರ ಲೆಕ್ಕ ಬೇರೆ. ಈ ಮಾತ್ರೆ ಶೆಡ್ಯೂಲ್ ಎಚ್‌ನಲ್ಲಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ, ಅದು ಸರಿಯೇ. ಆದರೆ ತಪಾಸಣೆಗೆ ಬಂದವರು ಮೊದಲು ಬೆರಳಿಡುವುದು ಇದರ ಬಿಲ್ಲಿನ ಮೇಲೆ. ತಿಂಗಳಿಗೆ ಒಂದೆರಡು ಹೋಗುವ ಮಾಲಿಗೆ ಯಾಕೆ ಈ ತಲೆನೋವು? "ಹೆಣ್ಣು ಭ್ರೂಣ ಹತ್ಯೆ ಕೇಸ್ ಹಾಕ್ತಾರೆ ಮೇಡಂ" ಎಂದೂ ಅಂದರು. ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಕಾಣುವ ಹೊತ್ತಿಗೆ ಈ ಮಾತ್ರೆಗೆ ಕಾಯಿದೆ ಕೊಟ್ಟಿರುವ ಒಂಬತ್ತು ವಾರ ಮುಗಿದೇ ಹೋಗಿರುತ್ತದೆ ಎಂದೆ. ಅವರು ಒಪ್ಪಿದರು. ಒಪ್ಪಿಯೂ ಇಡುವುದಿಲ್ಲ ಎಂದರು.

ಕಂಪನಿ ಹೆದರಿದಾಗ

ಈ ಹೆದರಿಕೆ ನಮ್ಮ ಪೇಟೆಯ ಅಂಗಡಿಯಲ್ಲಿ ಹುಟ್ಟಿದ್ದಲ್ಲ. 1988ರಲ್ಲಿ ಫ್ರಾನ್ಸ್ ಸರಕಾರ ಒಪ್ಪಿಗೆ ಕೊಟ್ಟ ಒಂದೇ ತಿಂಗಳಿಗೆ, ವಿರೋಧಕ್ಕೆ ಬೆದರಿ, ತಯಾರಿಸಿದ ಕಂಪನಿಯೇ ಮಾತ್ರೆಯನ್ನು ಹಿಂದಕ್ಕೆ ಪಡೆಯಿತು. ಎರಡೇ ದಿನದಲ್ಲಿ ಆರೋಗ್ಯ ಮಂತ್ರಿ ಕ್ಲೋದ್ ಎವಾಂ, ಇದು ಈಗ ಹೆಂಗಸರ ನೈತಿಕ ಆಸ್ತಿ, ಕಂಪನಿಯೊಂದರ ಆಸ್ತಿಯಲ್ಲ ಎಂದು ಹೇಳಿ ಮತ್ತೆ ಮಾರುಕಟ್ಟೆಗೆ ತರಿಸಿದರು. ಇದರ ಹಿಂದೆ ದುಡಿದ ವಿಜ್ಞಾನಿ ಎಟಿಯೆನ್ ಎಮಿಲ್ ಬೊಲಿಯು 2025ರಲ್ಲಿ ತೀರಿಕೊಂಡರು, 98 ವರ್ಷ. ಅಮೆರಿಕ ಒಪ್ಪಿದ್ದು 2000ದಲ್ಲಿ, ನಮ್ಮಲ್ಲಿ ಬಂದದ್ದು 2002ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಈ ಜೋಡಿಯನ್ನು ಸೇರಿಸಿತು.

ಕಾಯಿದೆಯ ವಿಷಯದಲ್ಲಿ ನಾವು ಹಿಂದೆ ಬಿದ್ದವರೇನಲ್ಲ. ಗರ್ಭಪಾತದ ಕಾಯಿದೆ 1971ರದ್ದು. 2021ರ ತಿದ್ದುಪಡಿಯಲ್ಲಿ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು ಎಂದಾಯಿತು, ಹೆಂಗಸಿನ ಗುರುತು ಹೊರಗೆ ಬಿಟ್ಟರೆ ಶಿಕ್ಷೆ ಎಂದಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಮದುವೆಯಾದವಳು ಆಗದವಳು ಎಂಬ ಭೇದ ಬೇಡ ಎಂದಿತು. ವಯಸ್ಕ ಹೆಂಗಸಿಗೆ ಗಂಡನ ಸಹಿ ಬೇಕೆಂದು ಕಾಯಿದೆ ಯಾವತ್ತೂ ಕೇಳಿಲ್ಲ. "ಮನೆಯವರು ಬಂದಿಲ್ವಾ" ಎಂದವರಿಗೆ ಇದನ್ನು ಹೇಳಬೇಕಿತ್ತು, ಅವತ್ತು ಆ ಮಳೆಯಲ್ಲಿ ಹೇಳುವ ಮನಸ್ಸಿರಲಿಲ್ಲ.

ಲೈನ್‌ಮನೆಗೆ ಹೇಗೆ ಸಿಗುತ್ತದೆ?

ಚೀಟಿ ಹಿಡಿದು ಬಂದವರಿಗೆ ಇಲ್ಲದ ಮಾತ್ರೆ ಚೀಟಿ ಇಲ್ಲದವರಿಗೆ ಸಿಗುತ್ತದೆ, ಇದು ನನ್ನನ್ನು ಹೆಚ್ಚು ಕಾಡುವ ಸಂಗತಿ. ನಮ್ಮ ಕಡೆಯ ಆಶಾ ಅಕ್ಕ ಒಬ್ಬರು ಹೇಳುತ್ತಾರೆ: ತೋಟದ ಕೂಲಿಯವರು ಇರುವ ಲೈನ್‌ಮನೆಗಳಿಗೆ ಬಸಿರು ಇಳಿಸುವ ಐದು ಮಾತ್ರೆಯ ಕಿಟ್ ಬರುತ್ತದೆ, ಯಾರೋ ತಂದುಕೊಡುತ್ತಾರೆ, ಮುದ್ರಿತ ಬೆಲೆಯ ಎಷ್ಟೋ ಪಟ್ಟು ಕೊಟ್ಟು. ಒಂದು ಮಿಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್. ಐದನ್ನೂ ಒಂದೇ ಸಲ ನುಂಗಿದವರಿದ್ದಾರೆ. ಎರಡನೆಯದಕ್ಕೆ ಒಂದೆರಡು ದಿನ ಕಾಯಬೇಕೆಂದು ಹೇಳುವವರು ಯಾರು? ಇಡೀ ದೇಶದ ಚಿತ್ರವೂ ಹೆಚ್ಚುಕಡಿಮೆ ಇದೇ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾಗಿವೆ, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು.

ಮಾತ್ರೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಒಂಬತ್ತು ವಾರದೊಳಗೆ ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಬೇರೇನೂ ಬೇಕಾಗುವುದಿಲ್ಲ. ಅಪಾಯ ಇರುವುದು ನೋಡದೆ ನುಂಗುವುದರಲ್ಲಿ. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಅದನ್ನು ಅಲುಗಿಸುವುದಿಲ್ಲ. ಮೇಲಿಂದ ಸ್ವಲ್ಪ ರಕ್ತ ಹೋಗುತ್ತದೆ, ಆಯಿತು ಎಂದು ಆಕೆ ಕೆಲಸಕ್ಕೆ ಹೋಗುತ್ತಾಳೆ, ಒಳಗೆ ನಾಳ ಬಿರಿಯುತ್ತದೆ. ಆಶಾ ಅಕ್ಕ ಕಂಡದ್ದು ಅಂಥದ್ದೇ ಒಂದು. ಮೆಣಸು ಕುಯ್ಯುವ ಕಾಲದಲ್ಲಿ, ದೂರದ ರಾಜ್ಯದಿಂದ ಬಂದ ಹುಡುಗಿ, ಹೊಟ್ಟೆ ನೋವಿಗಿಂತ ಹೆಚ್ಚಾಗಿ ಭುಜ ನೋವು ಎನ್ನುತ್ತಿದ್ದಳಂತೆ. ಭುಜಕ್ಕೇನು, ಏಣಿ ಹೊತ್ತಿರಬೇಕು ಎಂದುಕೊಂಡರು. ಹೊಟ್ಟೆಯೊಳಗೆ ರಕ್ತ ಸೋರಿದರೆ ಭುಜದಲ್ಲಿ ನೋವು ಕಾಣಿಸುತ್ತದೆ. ತುಟಿ ಬಿಳಿಚಿಕೊಂಡದ್ದು ನೋಡಿ ತೋಟದ ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಗೆ ಓಡಿಸಿದರು, ಆಪರೇಷನ್ ಆಗಿ ಬದುಕಿದಳು. ಅದಾದ ಮೇಲೆ ಆಶಾ ಅಕ್ಕ ಪ್ರತಿ ಮನೆಯಲ್ಲೂ ಹೇಳುವುದು: ಒಂದು ಗಂಟೆಗೆ ಎರಡು ಪ್ಯಾಡಿನಂತೆ ಎರಡು ಗಂಟೆ ತೊಯ್ದರೆ, ತಲೆ ಸುತ್ತಿದರೆ, ಭುಜ ನೋವು ಬಂದರೆ, ಮಾರನೇ ದಿನವೂ ಜ್ವರ ಇದ್ದರೆ ನನಗೆ ಹೇಳಿ, ಯಾಕೆ ನುಂಗಿದೆ ಎಂದು ಕೇಳುವುದಿಲ್ಲ.

ಇನ್ನೊಂದು ಗೊಂದಲವನ್ನೂ ಅವರು ದಿನಾ ಬಿಡಿಸುತ್ತಾರೆ. ಟಿವಿ ಜಾಹೀರಾತಿನ ಐ-ಪಿಲ್ ಮತ್ತು ಈ ಕಿಟ್ ಎರಡೂ ಒಂದೇ ಎಂದು ತುಂಬಾ ಜನ ತಿಳಿದಿದ್ದಾರೆ, ಕಾಲೇಜು ಓದಿದವರೂ. ಐ-ಪಿಲ್‌ನಲ್ಲಿರುವುದು ಲೆವೊನೊರ್ಜೆಸ್ಟ್ರೆಲ್, ಪ್ರೊಜೆಸ್ಟರೋನಿನ ಕಡೆಯದ್ದೇ, ಅದನ್ನು ತಡೆಯುವಂಥದ್ದಲ್ಲ. ಅಂಡಾಣು ಹೊರಬೀಳುವುದನ್ನು ಮುಂದೂಡುತ್ತದೆ, ಮೂರು ದಿನದೊಳಗೆ ನುಂಗಬೇಕು, ನಿಂತ ಬಸಿರಿಗೆ ಏನೂ ಮಾಡುವುದಿಲ್ಲ. ಮುಟ್ಟು ತಪ್ಪಿದ ಮೇಲೆ ಅದನ್ನು ನುಂಗಿ ಕಾಯುತ್ತಾ ವಾರ ಕಳೆದು ಬರುವವರನ್ನು ಕಂಡರೆ ಆಶಾ ಅಕ್ಕನಿಗೆ ಸಿಟ್ಟು ಬರುತ್ತದೆ, ಹುಡುಗಿಯರ ಮೇಲಲ್ಲ, ಜಾಹೀರಾತಿನ ಮೇಲೆ.

ಹಾಗಾದರೆ ಕಿಟ್ ಕೇಳಿಕೊಂಡು ಬಂದವರನ್ನು ಸರಕಾರಿ ಆಸ್ಪತ್ರೆಗೆ ಯಾಕೆ ಕಳಿಸುವುದಿಲ್ಲ ಎಂದು ಅವರನ್ನೇ ಕೇಳಿದೆ. ಅಲ್ಲಿ ದುಡ್ಡು ಬೇಡ, ಹೆಸರು ಹೊರಗೆ ಹೋಗುವಂತಿಲ್ಲ. "ಕಳಿಸ್ತೀನಲ್ಲ" ಎಂದರು. "ಮೊದಲನೇ ಸಲ ಸ್ಕ್ಯಾನಿಂಗು, ಆಮೇಲೆ ಮಾತ್ರೆ, ಆಮೇಲೆ ಸರಿ ಆಯ್ತಾ ನೋಡಕ್ಕೆ ಇನ್ನೊಂದು ಸಲ. ಕೊಯ್ಲಲ್ಲಿ ಕೆಜಿ ಲೆಕ್ಕ, ಒಂದು ದಿನ ಬಿಟ್ಟರೆ ಅಷ್ಟು ದುಡ್ಡು ಹೋಯ್ತು. ತೋಟದ ಲೆಕ್ಕ ಬರೆಯೋ ರೈಟರಿಗೆ ಏನಂತ ಹೇಳಿ ರಜೆ ಕೇಳ್ತಾಳೆ?" ಲೈನ್‌ಮನೆಯವರು ಪೇಟೆಗೆ ಇಳಿಯುವುದು ವಾರದ ರಜೆಯಲ್ಲಿ, ಸಂತೆಗೆ. ಅವರ ಸಂತೆ ಭಾನುವಾರ. ಭಾನುವಾರ ಸ್ಕ್ಯಾನಿಂಗ್ ಕೋಣೆಗೆ ಬೀಗ, ಸಂತೆಯ ಪಕ್ಕದ ಔಷಧಿ ಅಂಗಡಿ ಮಾತ್ರ ರಾತ್ರಿ ಎಂಟರವರೆಗೂ ತೆರೆದಿರುತ್ತದೆ. ಆ ಬೀಗವನ್ನು ತಿಂಗಳಿಗೆ ಒಂದು ಭಾನುವಾರವಾದರೂ ತೆಗೆಸಬೇಕೆಂದು ಅವರು ಮೀಟಿಂಗಿನಲ್ಲಿ ಕೇಳಿದ್ದಾರಂತೆ, ಬರೆದುಕೊಡಿ ಎಂದರಂತೆ. ಅರ್ಜಿ ಬರೆದುಕೊಡಲು ನನ್ನನ್ನು ಕೂರಿಸಿದ್ದಾರೆ. ಅರ್ಧ ಪುಟ ಆಗಿದೆ.